ಒಂಬತ್ತು ಕುರ್ಚಿ, ಒಂದೇ ಗುಡ್ಡ

ಮಾನ್ಯ ನಗರಸಭಾ ಅಧ್ಯಕ್ಷರೇ,

ವಾರ್ಡುವಾರು ಚುನಾವಣೆ ಬೇಕೆಂಬ ನಮ್ಮ ಮನವಿಯನ್ನು ‘ಊರು ಒಡೆಯುತ್ತದೆ’ ಎಂಬ ಎರಡೇ ಮಾತಿನಲ್ಲಿ ತಾವು ತಳ್ಳಿಹಾಕಿದ್ದೀರಿ. ಊರಿನ ಒಗ್ಗಟ್ಟಿನ ಬಗ್ಗೆ ತಮಗಿರುವ ಕಾಳಜಿ ಕಂಡು ಕಣ್ಣು ತುಂಬಿ ಬಂತು. ಆದರೆ ಈ ಊರನ್ನು ರೈಲುಹಳಿ ಎಂದೋ ಒಡೆದಿದೆ, ಸ್ವಾಮಿ. ಆಚೆ ಗುಡ್ಡದ ಮೇಲೆ ತಾವು, ಈಚೆ ತಗ್ಗಿನಲ್ಲಿ ನಾವು. ಒಬ್ಬೊಬ್ಬರೂ ಒಂಬತ್ತು ಮತ ಹಾಕಿ, ಇಡೀ ಊರು ಒಟ್ಟಾಗಿ ಒಂಬತ್ತೂ ಸದಸ್ಯರನ್ನು ಆರಿಸಬೇಕು. ಗುಡ್ಡದಲ್ಲಿ ಮತ ಹೆಚ್ಚು. ಹಾಗಾಗಿ ಒಂಬತ್ತೂ ಕುರ್ಚಿ ಗುಡ್ಡಕ್ಕೇ. ಸದಸ್ಯರೆಲ್ಲ ಅಕ್ಕಪಕ್ಕದ ಮನೆಯವರು. ಸಭೆಗೆ ಸಭಾಂಗಣವಾದರೂ ಏಕೆ? ಯಾರದಾದರೂ ವರಾಂಡದಲ್ಲಿ ಮುಗಿಸಿದರೆ ಕರೆಂಟಾದರೂ ಉಳಿದೀತು.

ನಾನು ತಗ್ಗಿನ ಬೇಕರಿಯವನು. ಕಳೆದ ಮಳೆಗಾಲದ ಒಂದು ಬೆಳಗ್ಗೆ ಹಳಿಯ ಕೆಳಗಿನ ಅಂಡರ್‌ಪಾಸ್ ಎಂದಿನಂತೆ ಕೆರೆಯಾಗಿತ್ತು. ನಮ್ಮ ಬೀದಿಯ ಟೈಲರನ ಹೆಂಡತಿಗೆ ಹೆರಿಗೆ ನೋವು. ಆಸ್ಪತ್ರೆಯಿರುವುದು ಗುಡ್ಡದಲ್ಲಿ. ಆಂಬುಲೆನ್ಸ್ ಆಚೆ ದಡದಲ್ಲಿ ನಿಂತು ಊಳಿಡುತ್ತಿತ್ತು. ನರ್ಸ್ ಆಗಿರುವ ನನ್ನ ಅತ್ತಿಗೆ ಓಡಿಬಂದು ನನ್ನ ವ್ಯಾನಿನ ಬಾಗಿಲು ತೆಗೆದಳು.

“ಬ್ರೆಡ್ಡೆಲ್ಲ ಕೆಳಗಿಳಿಸು.”

“ಅತ್ತಿಗೆ, ಈಗಷ್ಟೇ ಒಲೆಯಿಂದ ತೆಗ್ದಿದ್ದು...”

“ಒಳ್ಳೇದಾಯ್ತು, ವ್ಯಾನು ಬೆಚ್ಚಗಿದೆ. ನೀನು ಆ ಕಡೆ ತಿರುಗು.”

ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿಯೇ ಅತ್ತಿತು. ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಟೈಲರೂ ನಾನೂ ಅವಳನ್ನು ಅಂಗಡಿಯ ಹಲಗೆಯ ಮೇಲೆ ಮಲಗಿಸಿ, ದಿಬ್ಬ ಹತ್ತಿ, ರೈಲು ಬರದಿರಲಪ್ಪಾ ಎಂದುಕೊಳ್ಳುತ್ತ ಹಳಿ ದಾಟಿಸಿದೆವು. ಆಂಬುಲೆನ್ಸ್ ಮುಟ್ಟುವವರೆಗೆ ಹಲಗೆ ಬಿಡಲಿಲ್ಲ. ಅವಳು ಬದುಕಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಆ ವಾರವೇ ಅತ್ತಿಗೆ ಗುಡ್ಡದಲ್ಲಿರುವ ನಗರಸಭಾ ಸದಸ್ಯರೊಬ್ಬರ ಮನೆಗೆ ಹೋದಳು. ಅವರು ಗುಲಾಬಿ ಗಿಡ ಕತ್ತರಿಸುತ್ತಿದ್ದರು.

“ಯಾವ ಅಂಡರ್‌ಪಾಸಮ್ಮಾ? ನಮ್ ಕಡೆ ನೀರು ನಿಲ್ಲೋದೇ ಇಲ್ವಲ್ಲ!”

“ನಮ್ ಕಡೆ ನಿಲ್ಲುತ್ತೆ ಸಾರ್.”

“ನೋಡಮ್ಮ, ನಾನು ಇಡೀ ಊರಿನ ಪ್ರತಿನಿಧಿ. ಒಂದು ಬೀದಿಯವನಲ್ಲ.”

ಹತ್ತು ಮಂದಿ ಇದ್ದಲ್ಲಿ ಹಾವು ಸಾಯದು ಎನ್ನುತ್ತಾರೆ. ನಮ್ಮಲ್ಲಿ ಒಂಬತ್ತೇ ಮಂದಿ ಸಾಕಾಯಿತು.

ಅತ್ತಿಗೆ ತಾನೇ ಚುನಾವಣೆಗೆ ನಿಂತಳು. ತಗ್ಗಿಗೆ ತಗ್ಗೇ ಅವಳಿಗೆ ಮತ ಹಾಕಿತು. ಜನ್ಮದಲ್ಲಿ ಮತಗಟ್ಟೆ ಕಾಣದ ನನ್ನ ಸೋದರಮಾವ ಕೂಡ ಗಡ್ಡ ಬೋಳಿಸಿಕೊಂಡು ಹೋಗಿ ಬಂದ. ಆದರೆ ಅವಳು ಮತ ಕೇಳಲು ಹೋದಾಗ ಗುಡ್ಡದವರು ಬಾಗಿಲಲ್ಲಿ ನಯವಾಗಿಯೇ ಕೇಳಿದರಂತೆ, “ನೀವು ಯಾರು?” ಎಂದು. ತಪ್ಪು ಅವರದಲ್ಲ; ಅವರ ಮಕ್ಕಳು ಬ್ರೆಡ್ ವ್ಯಾನಿನಲ್ಲಿ ಹುಟ್ಟುವುದಿಲ್ಲ. ಅತ್ತಿಗೆ ಸೋತಳು. ಗುಲಾಬಿಯವರು ಮತ್ತೆ ಗೆದ್ದರು.

ವಾರ್ಡು ಮಾಡಿದರೆ ಪ್ರತಿಯೊಬ್ಬನೂ ತನ್ನ ಬೀದಿಗೇ ಎಳೆದುಕೊಳ್ಳುತ್ತಾನೆ ಎನ್ನುತ್ತೀರಿ. ಎಳೆದುಕೊಳ್ಳಲಿ! ಈಗ ಒಂಬತ್ತೂ ಜನ ಸೇರಿ ಒಂದೇ ಬೀದಿಗೆ ಎಳೆಯುತ್ತಿಲ್ಲವೇ? ನಮ್ಮವನೂ ಸೋಮಾರಿಯಾಗಬಹುದು, ಕಳ್ಳನೇ ಆಗಬಹುದು. ಆದರೆ ಮಳೆ ಬಂದರೆ ಅವನ ಚಪ್ಪಲಿಯೂ ತೇಲುತ್ತದೆ. ಅವನನ್ನು ಬೈಯಲು ನಾವು ಹಳಿ ದಾಟಬೇಕಿಲ್ಲ.

ಆದ್ದರಿಂದ ಮುಂದಿನ ಚುನಾವಣೆಗೆ ಮೊದಲು ವಾರ್ಡುಗಳ ಗೆರೆ ಎಳೆಯಿರಿ. ಆ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಯನ್ನು ತಗ್ಗಿನಲ್ಲೇ ಕರೆಯಿರಿ. ಅತ್ತಿಗೆ ಸೋತ ಮೇಲೂ ಇಲ್ಲಿನ ಜನ ಕಷ್ಟ ಬಂದರೆ ತಟ್ಟುವುದು ಅವಳ ಬಾಗಿಲನ್ನೇ. ತಮ್ಮ ಬಾಗಿಲು ಎಲ್ಲಿದೆಯೆಂದು ಅವರಿಗೆ ಗೊತ್ತೇ ಇಲ್ಲ.

ಇಂತಿ,
ಒಂಬತ್ತು ಮತ ಹಾಕಿ ಒಬ್ಬ ಪ್ರತಿನಿಧಿಯನ್ನೂ ಪಡೆಯದ
ಬೇಕರಿಯವನು