ಠಾಣೆಯಿಂದ ಮನೆಗೆ ಬಂದ ಕೋವಿ

ಜೂನ್ ೧೮, ೨೦೨೪

ಪ್ರೀತಿಯ ಪ್ರಮೀಳಾ,

ಟೆಕ್ಸಾಸಿನ ನಿಮ್ಮ ಮನೆಗೆ ನಿನ್ನ ಗಂಡ ಕನಕರಾಜು ಅವರು ಪಿಸ್ತೂಲು ತಂದರೆಂದು ಕೇಳಿ ನಾನು ಮುಖ ಸಿಂಡರಿಸಿದ್ದು ಫೋನಿನಲ್ಲೂ ನಿನಗೆ ಗೊತ್ತಾಗಿರಬೇಕು. "ನಿಮ್ಮನೇಲಿ ಕೋವಿ ಇಟ್ಕಂಡು ನಂಗ್ ಬುದ್ಧಿ ಹೇಳ್ತೀಯಲ್ಲೇ" ಎಂದು ನೀನು ಚುಚ್ಚಿದೆ. ನಾನು ನಗುತ್ತಾ ತಪ್ಪಿಸಿಕೊಂಡೆ. ಉತ್ತರವನ್ನು ಬರೆದೇ ಹೇಳಬೇಕು ಅನ್ನಿಸಿತು.

ಪಕ್ಕದ ಬೀದಿಯಲ್ಲಿ ಕಳ್ಳತನವಾಯಿತು, ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಎಲ್ಲರ ಮನೆಯಲ್ಲೂ ಇರುವಾಗ ನಮ್ಮಲ್ಲಿ ಮಾತ್ರ ಇಲ್ಲವೆಂದರೆ ಹೇಗೆ ಎಂಬುದು ನಿನ್ನ ವಾದ. ನನಗೆ ಅಮೆರಿಕ ಗೊತ್ತಿಲ್ಲ. ಹೆದರಿದವರು ಗೊತ್ತು.

ನಮ್ಮ ಕೋವಿಗೆ ಒಂದು ಕಾಲದಲ್ಲಿ ಕಾರಣವಿತ್ತು. ನೀನು ನೋಡಿದ್ದೀಯಲ್ಲ, ಅಂತರಸಂತೆಯಾಚೆ ನಮ್ಮ ಹೊಲ ಮುಗಿಯುವಲ್ಲೇ ಕಾಕನಕೋಟೆ ಕಾಡು ಶುರು. ಆನೆ ರಾಗಿಗೆ ಇಳಿದಾಗ ಮಾವ ನಂಜಣ್ಣನವರು ಆಕಾಶಕ್ಕೆ ಒಂದು ಗುಂಡು ಹಾರಿಸಿ, ಕೋವಿಯನ್ನು ಗುದ್ದಲಿ, ಪಿಕಾಸಿಯ ಜೊತೆ ಮೂಲೆಗೆ ಒರಗಿಸುತ್ತಿದ್ದರು. ಅವರು ಹೋದ ಮೇಲೆ ಲೈಸೆನ್ಸ್ ನಮ್ಮ ಯಜಮಾನರ ಹೆಸರಿಗಾಯಿತು. ಆಮೇಲೆ ಕಾಡಿನಂಚಿಗೆ ರೈಲುಕಂಬಿಯ ಬೇಲಿ ಬಂತು. ಆನೆ ಬರುವುದು ನಿಂತಿತು. ಕೋವಿ ಮಾತ್ರ ಮೂಲೆಯಿಂದ ಎದ್ದು ನಡುಮನೆಯ ಗೋಡೆಗೆ ಬಂತು.

ಅದನ್ನು ಅವರು ನನ್ನ ಕಡೆ ಎಂದೂ ತಿರುಗಿಸಿಲ್ಲ. ಈ ಮಾತನ್ನು ನಂಬು. ನಾನು ಎದುರು ಮಾತಾಡಿದ ದಿನ ಅದನ್ನು ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಬಟ್ಟೆಯಲ್ಲಿ ಒರೆಸುತ್ತಾರೆ. ಅಷ್ಟೇ. ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ನಾನು ಬಿಟ್ಟದ್ದೂ ಹಾಗೆ ಅರ್ಧಕ್ಕೆ ನಿಂತುಹೋದ ಒಂದು ಮಾತಿನಿಂದಲೇ.

ಚುನಾವಣೆ ಬಂದರೆ ಲೈಸೆನ್ಸ್ ಇರುವವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಈ ಸಲ ಬೇಸಿಗೆಯಿಡೀ ಅದು ಅಲ್ಲೇ ಇತ್ತು. ಪ್ರಮೀಳಾ, ನನಗೆ ಬೇರೆಯೇ ಸಂಸಾರ ಸಿಕ್ಕಿದಂತಾಯಿತು. ಸಂಜೆ ಜಗಲಿಯಲ್ಲಿ ಕೂತು ಕವಿತೆಗಳನ್ನು ಜೋರಾಗಿ ಓದಿದೆ. ಈ ವರ್ಷ ಶುಂಠಿ ಹಾಕುವುದು ಬೇಡವೆಂದು ಜಗಳವಾಡಿ ಗೆದ್ದೆ. "ನೀನೇ ಎಲೆಕ್ಷನ್ನಿಗ್ ನಿಂತ್ಕಬೌದಿತ್ತು ಕಣೆ, ಬಾಯಿ ಬಂದ್ಬುಟ್ಟದೆ" ಎಂದು ಅವರೂ ನಕ್ಕರು. ಊರಿನವರೆಲ್ಲ ಚುನಾವಣೆ ಮುಗಿದರೆ ಸಾಕು ಅನ್ನುತ್ತಿದ್ದಾಗ ನಾನೊಬ್ಬಳು ಮುಗಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಫಲಿತಾಂಶ ಬಂದ ದಿನ ಕೇಳಿಕೊಂಡೆ: ಆನೆಯೇ ಬರುತ್ತಿಲ್ಲ, ಲೈಸೆನ್ಸ್ ವಾಪಸ್ ಕೊಟ್ಟುಬಿಡಿ. "ಅದಿಲ್ದಿದ್ರೆ ಮನೆ ಬಣಬಣ ಅಂತದೆ ಕಣೆ. ನಾಳೆ ಯಾರಾರ ನುಗ್ಗುದ್ರೆ?" ಎಂದರು. ಯಾರು ಎಂದು ಕೇಳಿದೆ. "ಯಾವನೋ ಒಬ್ಬ." ಆ ಯಾವನೋ ಒಬ್ಬ ನಿಮ್ಮ ಟೆಕ್ಸಾಸಿನಲ್ಲೂ ಇದ್ದಾನೆ ಅಲ್ಲವಾ? ಅವನು ಯಾರಿಗೂ ಕಂಡಿಲ್ಲ. ಅವನಿಗಾಗಿ ತಂದ ಕೋವಿಯ ಮುಂದೆ ದನಿ ತಗ್ಗಿಸುವವರು ಮಾತ್ರ ಮನೆಯವರು.

ಅವರು ಅದನ್ನು ತರಲು ಠಾಣೆಗೆ ಹೊರಟ ದಿನ, ಅದು ಮತ್ತೆ ಒಳಗೆ ಬಂದರೆ ನಾನು ಹೊರಗೆ ಎಂದು ಹೇಳಿದೆ. "ಓಗು ಓಗು, ಎಲ್ಲಿಗ್ ಓಯ್ತೀಯೆ ನೋಡ್ತೀನಿ" ಎಂದು ನಕ್ಕು ಚಪ್ಪಲಿ ಮೆಟ್ಟಿಕೊಂಡರು.

ನಿಮ್ಮದು ಕಪಾಟಿನಲ್ಲಿರುತ್ತದೆ, ಬೀಗ ಹಾಕಿರುತ್ತದೆ ಎಂದು ನೀನು ಹೇಳಿದೆ. ಇರಲಿ. ಮುಂದಿನ ಸಲ ಗಂಡನೊಡನೆ ಜಗಳವಾದಾಗ ನಿನ್ನ ಕಣ್ಣು ಒಮ್ಮೆ ಆ ಕಪಾಟಿನ ಕಡೆ ಹೋಗುತ್ತದಾ, ನೋಡಿಕೊ. ನಾನು ಕೇಳುವುದು ಅಷ್ಟೇ.

ನಿನ್ನ
ಶಾಂಭವಿ

ತಾ.ಕ.: ಉತ್ತರವನ್ನು ಮಿರ್ಲೆಗೆ, ನಮ್ಮ ದೊಡ್ಡಮ್ಮನ ಮನೆಗೆ ಬರಿ. ಯಜಮಾನರು ಕೋವಿ ತಂದ ದಿನವೇ ಇಲ್ಲಿಗೆ ಹೊರಟು ಬಂದೆ. ನಿನ್ನೆ ಮೊದಲ ಸಲ ಫೋನ್ ಮಾಡಿದರು. ಬಾ ಅನ್ನಲಿಲ್ಲ. "ಒಬ್ನೇ ಮಲ್ಗಕ್ಕೆ ಒಂಥರಾ ಆಯ್ತದೆ ಕಣೆ. ಪಕ್ಕದೊಲದ ಶಿವನಂಜಪ್ಪನ್ನ ಜೊತೆಗ್ ಕರ್ಕಂಡಿವ್ನಿ" ಎಂದರು. ಕೋವಿ ಎಲ್ಲಿದೆ ಎಂದು ಕೇಳಿದೆ. ದಿಂಬಿನ ಪಕ್ಕದಲ್ಲೇ ಇದೆಯಂತೆ.