ಸೋಸಿದ ನೀರಿನ ಗೋಡೆ

ಸೋಮವಾರ, ೧೭ ಏಪ್ರಿಲ್ ೧೯೩೯. ಇಚಲಕರಂಜಿ

ಇವತ್ತೂ ಮಿಸ್ತ್ರಿ ಬರಲಿಲ್ಲ. ಹಿತ್ತಲಿನ ಸುಣ್ಣದ ಗುಡ್ಡೆ ಒಣಗಿ ಬಿರುಕು ಬಿಟ್ಟಿದೆ. ಗೋಡೆ ಮೊಣಕಾಲಿನ ಎತ್ತರಕ್ಕೆ ಬಂದು ನಿಂತುಬಿಟ್ಟಿದೆ. ಬೆಳಿಗ್ಗೆಯಿಂದ ಅದರ ಮೇಲೆ ಕುಳಿತೆ, ಎದ್ದೆ, ಓಣಿಯ ತುದಿಗೆ ಹೋಗಿ ನೋಡಿದೆ, ಬಂದು ಮತ್ತೆ ಕುಳಿತೆ. ಒಂದೇ ಕಡೆ ಕೂಡಲಾರೆ. ಶಾಲೆಯಲ್ಲೂ ಇದೇ ರೋಗ.

ಅವ್ವ ಒಳಗಿಂದ ಅಂದಳು, "ಗ್ವಾಡಿ ಮ್ಯಾಲ ಕುಂತರ ಗ್ವಾಡಿ ಬೆಳೀತದೇನೋ ಪಾರೀಸ?"

ಅಪ್ಪನ ಕರಾರು ಸರಳ. ಜೂನ್ ತಿಂಗಳ ಮೊದಲ ಶನಿವಾರ ಬಂದು ನೋಡುತ್ತಾರೆ. ಮಗ್ಗಕ್ಕೆಂದು ಹಿತ್ತಲಲ್ಲಿ ಕಟ್ಟುತ್ತಿರುವ ಈ ಖೋಲಿ ಪೂರ್ತಿ ಮುಗಿದಿದ್ದರೆ ಪಕ್ಕದ ಮನೆಯ ದಾದಾಸಾಹೇಬ ಕಾಕಾರ ಹಳೆಯ ಮಗ್ಗ ನನಗೆ. ಕಾಕಾರ ಎಣ್ಣೆ ಇಂಜಿನ್‌ನಿಂದಲೇ ಚರ್ಮದ ಪಟ್ಟಾ ಎಳೆದು ಓಡಿಸುವುದು. ಮುಗಿದಿಲ್ಲವೋ, ಸೋಮವಾರದ ಮೋಟಾರಿಗೆ ಕೊಲ್ಹಾಪುರ — ಬೋರ್ಡಿಂಗು, ಬಿಟ್ಟು ಬಂದ ಅದೇ ಮ್ಯಾಟ್ರಿಕ್ ಕ್ಲಾಸು. ನಾನು ಒಪ್ಪಿ ಮಾತು ಕೊಟ್ಟಿದ್ದೇನೆ. ಮಿಸ್ತ್ರಿಯನ್ನು ಹಿಡಿಯುವುದು, ಇಟ್ಟಂಗಿ ತರಿಸುವುದು ಎಲ್ಲ ನನ್ನ ತಲೆಗೆ. ಅಪ್ಪ ಕೊಲ್ಹಾಪುರದಲ್ಲಿ ಬೆಲ್ಲದ ಅಡತಿ ಅಂಗಡಿ ಬಿಟ್ಟು ಬರುವುದು ಶನಿವಾರ ಮಾತ್ರ.

ಮಿಸ್ತ್ರಿ ಯಲಗೂರಪ್ಪ ಗಡಹಿಂಗ್ಲಜದಲ್ಲಿ ಯಾರದೋ ವಾಡೆ ಕಟ್ಟುತ್ತಿದ್ದಾನೆ ಎಂದು ಸುದ್ದಿ. ನಮ್ಮ ಮುಂಗಡ ಅವನ ಕಿಸೆಯಲ್ಲಿ, ಅವನು ಅಲ್ಲಿ...

ಬುಧವಾರ, ೧೯ ಏಪ್ರಿಲ್. ಗಡಹಿಂಗ್ಲಜ, ಸೋದರಮಾವನ ಮನೆ

ನಿಪ್ಪಾಣಿಯಲ್ಲಿ ಮೋಟಾರ್ ಬದಲಿಸಿ ಬಂದೆ. ಮೈಯೆಲ್ಲ ಕೆಂಪು ಧೂಳು. ಮಿಸ್ತ್ರಿ ಸಿಕ್ಕ. ಮಾಳಿಗೆಯ ಎತ್ತರದಲ್ಲಿ, ಬಿದಿರ ಅಟ್ಟದ ಮೇಲೆ ಕುಳಿತಿದ್ದ.

"ಮಿಸ್ತ್ರಿ, ನಮ್ಮ ಗ್ವಾಡಿ?"

"ಅದೆಲ್ಲಿ ಹೋಗ್ತದ್ರಿ ಸಣ್ಣ ಸಾವಕಾರ. ಅಲ್ಲೇ ನಿಂತದ."

"ನೀ ನಿಂತಿಲ್ಲ."

ಇಳಿದು ಬಂದ. ಸುಳ್ಳು ನೆವ ಹೇಳಲಿಲ್ಲ, ಅದು ಮೆಚ್ಚಿಗೆಯಾಯಿತು. "ನಿಮ್ಮ ಆಯಾರ ಮುಂದ ನಂದು ನಡೆಯೂದಿಲ್ರಿ. ಅರ್ಧಾ ದಿನಾ ನೀರ ಸೋಸೂದರಾಗ ಹೋಗ್ತದ. ಕರಣಿ ಹಿಡದು ಮುದುಕ ಆಗಾಕ ಬಂದೇನಿ, ನೀರ ಸೋಸಿ ಗ್ವಾಡಿ ಕಟ್ಟೂ ಮಂದೀನ ಈಗ ನೋಡಾಕತ್ತೇನಿ. ಮ್ಯಾಲ ಆ ಅರಿವಿ ಬ್ಯಾರೆ ತೊಳೀಬೇಕಂತ. ನಾ ಗವಂಡಿನೋ, ಅಗಸನೋ?"

ಅವನದೂ ತಪ್ಪಿಲ್ಲ. ಆಯಿ — ಅಪ್ಪನ ತಾಯಿ — ಕುಡಿಯುವ ನೀರಿಗೆ ಹೇಗೋ ಸುಣ್ಣದ ನೀರಿಗೂ ಹಾಗೆಯೇ. ಇಮ್ಮಡಿ ಅರಿವೆಯಲ್ಲಿ ಸೋಸಬೇಕು. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಗಿಂಡಿಗೆ ಇಳಿಸಬೇಕು. ಆ ಗಿಂಡಿಗೆ ಹಗ್ಗ ಕಟ್ಟಿ, ಬಾವಿಯ ನೀರು ಮುಟ್ಟುವ ತನಕ ಇಳಿಸಿ, ಮೆಲ್ಲಗೆ ಓರೆ ಮಾಡಬೇಕು. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದೆ. ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಹೋಗಬೇಕು. ಸೋಸದೆ ಸುಣ್ಣಕ್ಕೆ ಹಾಕಿದರೆ ಸುಟ್ಟು ಸಾಯುತ್ತವೆ. ನಮ್ಮ ಜೈನರ ಮನೆಗಳಲ್ಲಿ ಹೊಸದೇನಲ್ಲ. ಆದರೆ ಗೋಡೆ ಕುಡಿಯುವಷ್ಟು ನೀರನ್ನು ಮನುಷ್ಯರು ಕುಡಿಯುವುದಿಲ್ಲ.

"ಸೋಸೂದು, ತೊಳೆಯೂದು ನಂದು," ಅಂದೆ. "ನಿನ್ನ ಕೈಗೆ ಸೋಸಿದ ನೀರು ಬರ್ತದ. ನೀ ಇಟ್ಟಂಗಿ ಇಡು."

"ನೀವು? ಸಾಲಿ ಕಲತಾವ್ರು?"

"ಸಾಲಿ ಬಿಟ್ಟಾಂವ."

ನಕ್ಕ. ಕೆಳಗೆ ಗಾರೆ ಕಲಸುತ್ತಿದ್ದ ಅವನ ಹೆಂಡತಿ ಮಾಯವ್ವ ತಲೆ ಎತ್ತದೆ ಅಂದಳು, "ಹೋಗೂನು ನಡೀರಿ. ಆಯಿ ಬೈತಾಳ ಖರೆ, ಮಜ್ಜಿಗಿ ಕೊಡ್ತಾಳ. ಇಲ್ಲಿ ಬೈಗಳಾ ಅಷ್ಟ ಸಿಗ್ತದ."

ಗುರುವಾರ, ೨೭ ಏಪ್ರಿಲ್

ಮಿಸ್ತ್ರಿ, ಮಾಯವ್ವ ಬಂದಿದ್ದಾರೆ. ಗೋಡೆ ಎದೆಯ ಮಟ್ಟಕ್ಕೆ ಏರಿದೆ.

ರಟ್ಟೆ ನೋಯುತ್ತಿದೆ, ಅಂಗೈ ಸುಣ್ಣಕ್ಕೆ ಒಡೆದಿದೆ. ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು. ಸೂರ್ಯ ಮುಳುಗುವ ಮೊದಲು ಊಟ ಮಾಡಿ ಬಿದ್ದರೆ ಬೆಳಗು ಆದದ್ದೇ ತಿಳಿಯುವುದಿಲ್ಲ. ಶಾಲೆಯಲ್ಲಿ ಒಂದು ದಿನವೂ ಹೀಗೆ ಹಸಿದಿರಲಿಲ್ಲ.

ಆಯಿ ಬಾವಿಕಟ್ಟೆಯ ಮೇಲೆ ಕುಳಿತು ನಾನು ಗಿಂಡಿ ಇಳಿಸುವುದನ್ನೇ ನೋಡುತ್ತಾಳೆ. ಇವತ್ತು ಕೇಳಿದಳು, "ತಮ್ಮಾ, ನಿನಗ ಇದರ ಮ್ಯಾಲ ನಂಬಿಗಿ ಅದ ಏನು?"

"ಗೊತ್ತಿಲ್ಲ ಆಯಿ. ಮಾಡ್ತೀನಂತ ಹೇಳೇನಿ, ಮಾಡಾಕತ್ತೇನಿ."

"ಅಷ್ಟ ಸಾಕ ಬಿಡು. ನಿಮ್ಮಪ್ಪಗ ನಂಬಿಗಿ ಭಾಳ. ಒಂದ ದಿನಾ ಅರಿವಿ ಹಿಡದಿಲ್ಲ."

ಮಂಗಳವಾರ, ೯ ಮೇ

ಬಾವಿ ತಳ ಕಂಡಿದೆ. ಮನೆಬಳಕೆಗೆ ಸಾಕು, ಗೋಡೆಗೆ ಸಾಲದು. ಪಂಚಗಂಗೆಯಿಂದ ಗಾಡಿಯಲ್ಲಿ ಪೀಪಾಯಿ ತರಬೇಕು. ಮನೆಬಳಕೆ ಕಳೆದು ಬಾವಿಯಲ್ಲಿ ಉಳಿದಷ್ಟೂ ಗೋಡೆಗೇ.

ಹೊಳೆಯ ನೀರು ಸೋಸಿದರೆ ಗಿಂಡಿ ಹೊಳೆಗೇ ಹೋಗಬೇಕಲ್ಲ. ಹೀಗಾಗಿ ಖಾಲಿ ಪೀಪಾಯಿಯ ಜೊತೆ ತುಂಬಿದ ಗಿಂಡಿ ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕೂಡುತ್ತೇನೆ. ತುಳುಕದಂತೆ ಹಿಡಿಯಬೇಕು. ಘಾಟಿನಲ್ಲಿ ಬಟ್ಟೆ ಒಗೆಯುವ ಹೆಂಗಸರು ಹೆಸರಿಟ್ಟಿದ್ದಾರೆ — ಗಿಂಡಿ ಸಾಹೇಬ. ದಾದಾಸಾಹೇಬ ಕಾಕಾ ದಾರಿಯಲ್ಲಿ ತಡೆದು ಕೇಳಿದರು, "ಏನ್ ಪಾರೀಸ, ಪ್ಯಾಸೆಂಜರ್ ಎಷ್ಟ ಮಂದಿ ಇವತ್ತ?"

ನಾನೂ ನಕ್ಕೆ. ಮಗ್ಗಕ್ಕೆ ಗಿರಾಕಿ ಬಂದಿದ್ದರಂತೆ. ಜೂನ್ ಶನಿವಾರದ ತೀರ್ಮಾನದವರೆಗೆ ಕೊಡುವುದಿಲ್ಲ ಎಂದರು. ಖೋಲಿ ಮುಗಿಯದಿದ್ದರೆ ಆಮೇಲೆ ಅವರಿಗೇ ಕೊಟ್ಟುಬಿಡುತ್ತಾರಂತೆ.

ಮಂಗಳವಾರ, ೧೬ ಮೇ

ಮಧ್ಯಾಹ್ನ ಗಾಡಿಯ ಕೀಲು ಮುರಿಯಿತು. ಕಮ್ಮಾರನ ಹತ್ತಿರ ಬಿಟ್ಟು ಬಂದೆ. ಹಿತ್ತಲಿಗೆ ಬಂದರೆ ಹೊಳೆಗೆ ಒಯ್ಯಬೇಕಿದ್ದ ಗಿಂಡಿ ಬೋರಲಾಗಿದೆ.

ಮಾಯವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ಮುಖದ ತುಂಬ ಸಂತೋಷ. "ನೀವು ದಣದ ಬರ್ತೀರಂತ ನಾನ ಬಿಟ್ಟೇನ್ರಿ. ಮ್ಯಾಲಿಂದ ಸುರವಿಲ್ಲ. ಹಗ್ಗಾ ಕಟ್ಟಿ ಸಾವಕಾಶ ಇಳಿಸಿ, ಆಯಾರ ಮಾಡಿದಂಗ..."

"ಎಲ್ಲಿಗೆ?"

"ಬಾವಿಗ್ರಿ."

ಎಲ್ಲ ಸರಿಯಾಗಿಯೇ ಮಾಡಿದ್ದಾಳೆ. ನೀರು ಮಾತ್ರ ಬೇರೆ. ಹೊಳೆಯ ಜೀವಗಳು ಬಾವಿಗೆ ಬಿದ್ದವು. ಆಯಿ ಒಳಗೆ ಮಲಗಿದ್ದಳು, ನೋಡಿಲ್ಲ. ಯಲಗೂರಪ್ಪ ಗೋಡೆಯ ಮೇಲಿಂದ ಅಂದ:

"ಹೇಳಬ್ಯಾಡ್ರಿ. ಕೆಲಸಾ ನಿಲ್ಲಿಸ್ತಾಳ ಮುದುಕಿ."

"ಆಕಿ ಕೇಳಿದ್ರ?"

"ಕೇಳಿದ್ರ ಹೇಳೀರಂತ. ಕೇಳೂದಿಲ್ಲ ಆಕಿ."

"ನಾನ ಕೇಳಾಕತ್ತೇನಲ್ಲ ನನ್ನ."

"ಇದಕ್ಕ ನಿಮ್ಮನ್ನ ಸಾಲ್ಯಾಗ ಇಟ್ಟಕೊಂಡಿಲ್ಲ ನೋಡ್ರಿ."

ಆಯಿ ಎದ್ದ ಮೇಲೆ ಹೇಳಿದೆ. ಮಾಯವ್ವ ಬಾಗಿಲಲ್ಲಿ ನಿಂತು ಅಳತೊಡಗಿದಳು. ಆಯಿ ಅವಳನ್ನು ಕರೆದಳು. "ನೀ ಯಾಕ ಅಳ್ತೀಯವ್ವಾ. ಹ್ಯಾಂಗ ಬಿಡಬೇಕಂತ ನೋಡಿ ಕಲತಿ. ಎಲ್ಲಿಗೆ ಬಿಡಬೇಕಂತ ನಾ ಹೇಳಲಿಲ್ಲ. ತಪ್ಪು ನಂದು." ಪ್ರಾಯಶ್ಚಿತ್ತಕ್ಕೆ ಖೋಲಿ ಮುಗಿಯುವ ತನಕ ಬೆಲ್ಲ ಬಿಟ್ಟಿದ್ದಾಳೆ. ಬೆಲ್ಲದ ಅಡತಿಯವನ ತಾಯಿ.

ಆಮೇಲೆ ನನಗೆ ಅಂದಳು, "ಗ್ವಾಡಿಗೆ ಇನ್ನ ಬಾವಿ ನೀರು ಬ್ಯಾಡ. ಕುಡಿಯೂದಂತೂ ತಪ್ಪೂದಿಲ್ಲ. ಈಗ ಅದರಾಗ ಎರಡೂ ಕೂಡ್ಯಾವ. ಸೋಸಿ ಯಾವದನ್ನ ಎಲ್ಲಿಗೆ ಒಯ್ತೀ?"

ಇನ್ನು ಎಲ್ಲವೂ ಹೊಳೆಯಿಂದ. ಗಾಡಿ ಮುರಿದಿದೆ. ಹೇಳದಿದ್ದರೆ ನಾಳೆ ಬಾಗಿಲ ಚೌಕಟ್ಟು ಕೂಡುತ್ತಿತ್ತು. ಆದರೂ ಹೇಳಿದ್ದೇ ಸರಿ.

ಸೋಮವಾರ, ೨೯ ಮೇ

ಬರೆಯಲು ಪುರಸತ್ತು ಇಲ್ಲ. ಬಡಿಗ ಜಂತಿಗಳನ್ನು ಕೊಯ್ಯದೆ ಲಗ್ನಕ್ಕೆ ಹೋದ. ಬಂದ. ಗಾಡಿ ದುರಸ್ತಿಯಾಯಿತು, ಹಂಚು ಬಂದವು. ಎಲ್ಲಕ್ಕೂ ಓಡಿದ್ದೇನೆ. ಪಡುವಣ ಗೋಡೆ ಒಂದು ಬಾಕಿ. ಕಾಕಾರ ಇಂಜಿನ್ ಕಡೆಗಿರುವುದು ಅದೇ. ಪಟ್ಟಾ ತಿರುಗಿಸುವ ಕಬ್ಬಿಣದ ಕಂಬಿ ಕೂಡುವುದು ಅದರ ನೆತ್ತಿಯಲ್ಲಿ, ಅದಕ್ಕೇ ಗಟ್ಟಿಯಾಗಬೇಕು.

ಯಲಗೂರಪ್ಪನೂ ಈಗ ಬೆಳಕು ಹರಿಯುವ ಮೊದಲೇ ಬರುತ್ತಾನೆ. ನಾನು ಕರೆಯುವುದಿಲ್ಲ, ತಾನಾಗಿ. "ನಿಮ್ಮನ್ನ ಬೋರ್ಡಿಂಗಕ್ಕ ಕಳಿಸೂ ಪಾಪಾ ನನಗ ಬ್ಯಾಡ್ರಿ."

ಶುಕ್ರವಾರ, ೨ ಜೂನ್

ಹಂಚು ಹೊದಿಸಿ ಮುಗಿಯಿತು. ಖೋಲಿಯೊಳಗೆ ನಿಂತರೆ ಹಸಿ ಸುಣ್ಣದ ವಾಸನೆ. ಮಗ್ಗ ಇಲ್ಲಿ, ನೂಲು ಅಲ್ಲಿ, ಎಂದು ಕಾಲಿನಿಂದ ಗೆರೆ ಎಳೆದೆ.

ಆಮೇಲೆ ನೀರಿನ ಹಂಡೆ ನೋಡಿದೆ. ನಿನ್ನೆ ಸೋಸಿಟ್ಟು ಹೊಳೆಗೆ ಹೋಗಿದ್ದೆ. ಹಂಡೆ ತುಂಬಿದ ಹಾಗೇ ಇದೆ. ಆದರೆ ಪಡುವಣ ಗೋಡೆ ಮುಗಿದಿದೆ.

"ಮಿಸ್ತ್ರಿ, ಮ್ಯಾಲಿನ ಇಟ್ಟಂಗಿ ಥರಾ ಯಾವ ನೀರಿಲೆ ಕಟ್ಟಿದಿ?"

ಎಲೆಯಡಿಕೆಯ ಚಂಚಿ ತೆಗೆದ, ತಿರುಗಿ ಕಟ್ಟಿದ. "ಸುಣ್ಣಾ ಹಾಕಿದ್ರ ಒಣಗಾಕ ದಿನಾ ಬೇಕು. ಮ್ಯಾಲಿನ ಎರಡ ಥರಾ ಮಣ್ಣಾಗ ಇಟ್ಟೇನಿ. ಹಳ್ಳದ ದಂಡಿ ಹಸಿ ಮಣ್ಣು, ನೀರ ಬೇಕಾಗಲಿಲ್ಲ. ಹೊರಗ ಸುಣ್ಣಾ ಸವರೇನಿ. ಸಾವಕಾರ್ರ ಏಣಿ ಹತ್ತಿ ನೋಡೂದಿಲ್ಲ. ಮಳಿಗಾಲ ಆದ ಮ್ಯಾಲ ನಾನ ಬಿಚ್ಚಿ ಕಟ್ಟತೀನಿ, ಪುಕ್ಕಟ. ನಿಮ್ಮ ಸಲುವಾಗಿ ಮಾಡೇನ್ರಿ."

ಖರೆ. ನನ್ನ ಸಲುವಾಗಿಯೇ. ಇಷ್ಟು ದಿನ ನನಗಾಗಿ ಬೇರೆ ಯಾರೂ ಕಳ್ಳತನ ಮಾಡಿರಲಿಲ್ಲ.

ಶನಿವಾರ, ೩ ಜೂನ್. ಸಂಜೆ

ಅಪ್ಪ ಬಂದರು. ರುಮಾಲು ತೆಗೆಯದೆ ನೇರ ಹಿತ್ತಲಿಗೆ. ಚೌಕಟ್ಟು ಅಲ್ಲಾಡಿಸಿ ನೋಡಿದರು, ಹಂಚಿನ ಕಡೆ ನೋಡಿದರು.

"ಮುಗೀತ್ರಿ ಸಾವಕಾರ್ರ," ಅಂದ ಯಲಗೂರಪ್ಪ.

ಅಪ್ಪ ನನ್ನ ಕಡೆ ತಿರುಗಿದರು. "ಮುಗೀತು?"

"ಇಲ್ಲ ಅಪ್ಪಾ. ಈ ಗ್ವಾಡಿದು ಮ್ಯಾಲಿನ ಎರಡ ಥರಾ ಮಣ್ಣಾಗ ಅದಾವ. ಬಿಚ್ಚಬೇಕು. ಆ ಬದಿ ಹಂಚೂ ಇಳಿಸಬೇಕು."

ಯಲಗೂರಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ. ಅಪ್ಪ ನನ್ನನ್ನೇ ಕೇಳಿದರು.

"ಹೇಳದಿದ್ರ ನನಗ ತಿಳೀತಿತ್ತೇನು?"

"ಇಲ್ಲ."

"ಸೋಮವಾರ ಹೋಗಬೇಕಾಗ್ತದ."

"ಗೊತ್ತದ."

ಅವ್ವ ಊಟ ಬಡಿಸುವಾಗ ಪಾತ್ರೆಗಳನ್ನು ಕುಕ್ಕಿದಳು. ಯಾರ ಮೇಲೆ ಸಿಟ್ಟೋ ತಿಳಿಯಲಿಲ್ಲ. ಎರಡು ಕಂಬಳಿ, ಭೂಗೋಳದ ಪುಸ್ತಕ, ಒಂದು ಜೋಡು ಚಪ್ಪಲಿ ಟ್ರಂಕಿಗೆ ಹಾಕಿದೆ. ಮಗ್ಗ ಇನ್ಯಾರಿಗೋ.

ಸೋಮವಾರ, ೫ ಜೂನ್

ಬೆಳಿಗ್ಗೆ ಟ್ರಂಕು ಕಟ್ಟೆಯ ಮೇಲೆ. ಅಪ್ಪನೂ ಅದೇ ಮೋಟಾರಿಗೆ ಹೊರಡುವವರು. ಯಲಗೂರಪ್ಪ ಏಣಿ ಇಟ್ಟು ಹಂಚು ಇಳಿಸತೊಡಗಿದ್ದ.

"ಮಾಡ್ತೀನ್ರಿ ಸಾವಕಾರ್ರ, ಸುಣ್ಣದಾಗ ಕಟ್ಟತೀನಿ. ನೀರ ಯಾರ ಸೋಸ್ತಾರ?"

"ಮಾಯವ್ವ ಸೋಸ್ತಾಳ," ಅಂದರು ಅಪ್ಪ.

"ನಾ ಒಲ್ಲೇನ್ರಿ," ಅಂದಳು ಮಾಯವ್ವ. "ಒಮ್ಮೆ ಬೆಲ್ಲಾ ಬಿಡಿಸೇನಿ, ಇನ್ನ ಉಪ್ಪು ಬಿಡಿಸ್ಲೇನು?"

ಆಯಿ ಬಾವಿಕಟ್ಟೆಯಿಂದ ಅಪ್ಪನನ್ನು ಕರೆದಳು, "ಬಾಳಗೊಂಡ, ಮೋಟಾರಿಗೆ ಹೊತ್ತದ. ನೀನ ಒಂದ ಪೀಪಾಯಿ ಸೋಸಿ ಇಟ್ಟ ಹೋಗು."

ಅಪ್ಪ ತಾಯಿಗೆ ಎದುರಾಡುವವರಲ್ಲ. ಧೋತರ ಎತ್ತಿ ಕಟ್ಟಿ ಕುಳಿತರು. ಅರಿವೆ ಹಿಡಿದದ್ದು ತಪ್ಪು, ನೀರು ಪಾದದ ಮೇಲೆ. ನಾನು ತೋರಿಸಿದೆ. ಅರ್ಧ ಪೀಪಾಯಿಗೆ ಅಂಗಿಯೆಲ್ಲ ತೊಯ್ದಿತು. ಗಿಂಡಿ ತುಂಬಿತು.

"ಇದನ್ನ?"

"ಹೊಳಿಗೆ."

"ಈಗ?"

"ಅವು ಕಾಯೂದಿಲ್ಲ ಅಪ್ಪಾ. ಪ್ರತಿ ಸಲ ಹೋಗಬೇಕು."

"ಪ್ರತಿ ಸಲ ನೀ ಹೋಗೀದಿ? ಯಾರೂ ನೋಡದಾಗೂ?"

"ಹೋಗೇನಿ."

ನಾನು ಹೇಳಿದ್ದನ್ನು ಅಪ್ಪ ನಂಬುತ್ತಾರೆ, ಎರಡನೇ ಸಲ ಕೇಳುವುದಿಲ್ಲ, ಅದು ಮೊದಲಿಂದಲೂ ಹಾಗೆ. ಗಿಂಡಿ ಕೈಯಲ್ಲಿ ಹಿಡಿದುಕೊಂಡೇ ನಿಂತರು. ಎಲ್ಲಿಡಬೇಕು ತಿಳಿಯದವರ ಹಾಗೆ. ಕೊನೆಗೆ ನನ್ನ ಕೈಗೆ ಕೊಟ್ಟರು.

"ಟ್ರಂಕು ಒಳಗಿಡು."

ಒಣ ಅಂಗಿ ಹಾಕಿಕೊಂಡು ಹೊರಟರು. ಹೋಗುವಾಗ ದಾದಾಸಾಹೇಬ ಕಾಕಾರ ಬಾಗಿಲಲ್ಲಿ ನಿಂತು ಹೇಳಿದ್ದು ಹಿತ್ತಲಿನವರೆಗೆ ಕೇಳಿಸಿತು: "ಮಗ್ಗಾ ಯಾರಿಗೂ ಕೊಡಬ್ಯಾಡ್ರಿ. ಹುಡುಗನ ಗ್ವಾಡಿ ಇನ್ನ ನಾಕ ದಿನಾ ತಡಾ ಅದ."

ಗಿಂಡಿ ತೊಡೆಯ ಮೇಲಿಟ್ಟುಕೊಂಡು ಹೊಳೆಗೆ ಹೋದೆ. ದಾರಿಯುದ್ದಕ್ಕೂ ಹಾಡಿದೆ. ಗಾಡಿಯವನು ಬೇಡ ಎಂದರೂ.

ಗುರುವಾರ, ೮ ಜೂನ್. ಮಧ್ಯಾಹ್ನ

ಒಂದು ಥರ ಸುಣ್ಣದಲ್ಲಿ ಕೂತಿದೆ. ಎರಡನೆಯದು ಅರ್ಧ. ಮಿರಗದ ಮಳೆಯ ಮೊದಲ ಹನಿ ಈಗಷ್ಟೇ ಬಿದ್ದವು. ಸುಣ್ಣದ ಗುಡ್ಡೆಗೆ ಗೋಣಿ ತಟ್ಟು ಮುಚ್ಚಿ ಬಂದು ಬಾಗಿಲಲ್ಲಿ ಕುಳಿತು ಬರೆಯುತ್ತಿದ್ದೇನೆ. ಯಲಗೂರಪ್ಪ ಖಾಲಿ ಹಂಡೆಯನ್ನು ಮಳೆಗೆ ಒಡ್ಡಿದ್ದಾನೆ. ತುಂಬುತ್ತಿದೆ.

"ಆಯಾರ, ಇದನ್ನೂ ಸೋಸಬೇಕೇನ್ರಿ?"

"ಸೋಸಬೇಕು."

"ಸೋಸಿ ಗಿಂಡಿ ಎಲ್ಲಿಗೆ ಒಯ್ಯೂದ್ರಿ? ಮ್ಯಾಲಕ್ಕ?"

ಮಾಯವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವ್ವ ಒಳಗೆ ನಗುವುದು ಕೇಳಿಸಿತು. ಆಯಿ ನಗಲಿಲ್ಲ. ಅಂಗಳಕ್ಕೆ ಇಳಿದು, ತಲೆಯ ಮೇಲೆ ಸೆರಗು ಹೊದ್ದು, ಆಕಾಶವನ್ನೇ ನೋಡುತ್ತ ನಿಂತಿದ್ದಾಳೆ. ತೊಯ್ಯುತ್ತಿದ್ದಾಳೆ. ಈಗ ನನ್ನನ್ನು ಕರೆಯುತ್ತಿದ್ದಾಳೆ — ಅರಿವೆ ತಾ ಅನ್ನುತ್ತಾಳೋ ಏನೋ. ಗಿಂಡಿ ಎಲ್ಲಿಗೆ ಎಂಬುದು ಹೊಳೆದಿರಬೇಕು, ಮುಖದಲ್ಲಿ ಕಾಣುತ್ತದೆ. ಹೋಗಿ ಕೇಳುತ್ತೇನೆ.