ಪರದೆ ನೋಡದ ಅಪರಾಧ

ಆನ್‌ಲೈನ್ ಪದವಿ ವಿಭಾಗದ ಮಾನ್ಯ ನಿರ್ದೇಶಕರೇ,

ಹುಟ್ಟಿನಿಂದ ಕಣ್ಣು ಕಾಣದ ನಾನು ಪರೀಕ್ಷೆಯ ಹೊತ್ತಿನಲ್ಲಿ ಪರದೆ ನೋಡಲಿಲ್ಲವೆಂದು ನಿಮ್ಮ ವಿಭಾಗ ನನ್ನನ್ನು ನಕಲು ಮಾಡಿದವಳೆಂದು ತೀರ್ಮಾನಿಸಿದೆ. ನಿಮ್ಮ ತಂತ್ರಾಂಶದ ಸೂಕ್ಷ್ಮದೃಷ್ಟಿಗೆ ನಮಸ್ಕಾರ.

'ಮನೆಯಲ್ಲೇ ಕುಳಿತು ಎಂ.ಎ. ಮಾಡಿ, ಶಿಕ್ಷಣ ಎಲ್ಲರಿಗೂ' ಎಂಬ ನಿಮ್ಮ ಜಾಹೀರಾತನ್ನು ರೇಡಿಯೊದಲ್ಲಿ ಕೇಳಿ ಸೇರಿದವಳು ನಾನು. ಮೇಟಗಳ್ಳಿಯ ಶಾಲೆಯೊಂದರಲ್ಲಿ ತಾತ್ಕಾಲಿಕವಾಗಿ ಚರಿತ್ರೆ ಕಲಿಸುತ್ತೇನೆ. ಈ ಪದವಿ ಸಿಕ್ಕರಷ್ಟೇ ಕೆಲಸ ಉಳಿಯುತ್ತದೆ. ನನ್ನ ಕಂಪ್ಯೂಟರ್ ಅಕ್ಷರಗಳನ್ನು ಓದಿ ಹೇಳುತ್ತದೆ. ಆದರೆ ನೀವು ಕೊಟ್ಟ ಪಾಠಗಳೆಲ್ಲ ಪುಸ್ತಕದ ಫೋಟೊಗಳು. ವಿಜಯನಗರದ ಏಳುಬೀಳಿನ ಬದಲು 'ಚಿತ್ರ, ಚಿತ್ರ' ಎಂದಷ್ಟೇ ಕೇಳಿಸಿಕೊಂಡೆ. ಕೊನೆಗೆ ನನ್ನ ತಾಯಿ ಬೀರಮ್ಮ ಅಡುಗೆ ಮುಗಿಸಿ ಬಂದು, ತಡವರಿಸುತ್ತಲೇ ಪ್ರತಿ ಪುಟವನ್ನೂ ಓದಿ ಹೇಳಿದರು.

ಪರೀಕ್ಷೆಯ ದಿನ, ಕಂಪ್ಯೂಟರಿನ ಕ್ಯಾಮೆರಾ ಮತ್ತು ಮೈಕಿನ ಮೂಲಕ ನಿಮ್ಮ ತಂತ್ರಾಂಶ ಕಾವಲಿದ್ದಾಗ, ಒಬ್ಬಳೇ ಕುಳಿತು ಉತ್ತರ ಟೈಪ್ ಮಾಡುತ್ತಿದ್ದೆ. ನೀರು ಇಡಲು ಬಂದ ಅಮ್ಮ ಗಾಬರಿಯಾದರು. "ಮಂಗಳಾ, ಇಲ್ಲೇನೋ ಕೆಂಪಗೆ ಬಂದದೆ ಕಣವ್ವ. 'ಪರದೆ ನೋಡಿ' ಅಂತದೆ."

ಆ ಎಚ್ಚರಿಕೆಗೆ ಸದ್ದೇ ಇರಲಿಲ್ಲ. ಸದ್ದು ಮಾಡಿದ್ದು ಅಮ್ಮ. ಕೋಣೆಯಲ್ಲಿ ಎರಡನೆಯ ದನಿ ಕೇಳಿದ್ದೇ ತಡ, ಪರೀಕ್ಷೆ ಮುಚ್ಚಿಹೋಯಿತು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಕ್ಯಾಮೆರಾ ಕಡೆ ನೋಡ್ಬೇಕಿತ್ತು ಕಣಮ್ಮ. ಎಲ್ರಿಗೂ ಒಂದೇ ರೂಲ್ಸು" ಎಂದರು ಫೋನ್ ಎತ್ತಿದವರು.

"ನಂಗೆ ಕಣ್ಣು ಕಾಣಲ್ಲ ಸಾರ್."

"ಅದನ್ನ ವೆಬ್‌ಸೈಟಲ್ಲಿ ಬರೀರಿ."

ಮೇಲ್ಮನವಿಯ ಪುಟ ತೆರೆದರೆ, ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಟೈಪ್ ಮಾಡಬೇಕಂತೆ! ಅಮ್ಮನಿಂದ ಮಾಡಿಸೋಣವೆಂದರೆ, 'ಇದರಲ್ಲಿ ಬೇರೆಯವರ ನೆರವು ಪಡೆದಿಲ್ಲ' ಎಂದು ಅಲ್ಲೇ ಪ್ರಮಾಣ ಮಾಡಬೇಕು. ಮಾಡದ ತಪ್ಪಿಗೆ ಕಳ್ಳಿ ಎನಿಸಿಕೊಂಡವಳು ಅದನ್ನು ತೊಳೆದುಕೊಳ್ಳಲು ನಿಜವಾಗಿಯೂ ಸುಳ್ಳು ಹೇಳಬೇಕೆ? ಸಾಕಪ್ಪಾ ಎಂದು ಕೋರ್ಸ್ ಬಿಡಲು ಹೋದೆ. ಅಲ್ಲೂ ಅದೇ ಚಿತ್ರ, ಅದೇ ಪ್ರಮಾಣ. ಅಮ್ಮನ ಕೈ ಹಿಡಿದು ನಿಮ್ಮ ಕಚೇರಿಗೇ ಬಂದೆ. "ಆನ್‌ಲೈನ್ ಕೋರ್ಸಿನ ದೂರು ಕೈಯಲ್ಲಿ ತಗೊಳಲ್ಲ ಕಣ್ರೀ" ಎಂದು ಬಾಗಿಲಲ್ಲೇ ಕಳಿಸಿದರು. ಒಳಗೆ ಬಿಡದ, ಹೊರಗೂ ಹೋಗಗೊಡದ ಈ ವಿದ್ಯೆಯನ್ನು ಎಲ್ಲಿ ಕಲಿತಿರಿ?

ಬಸ್ಸಿನಲ್ಲಿ ಅಮ್ಮ, "ನಾನು ಬಾಯಿ ಮುಚ್ಕಂಡಿದ್ರೆ ನೀನು ಪಾಸಾಗ್ಬುಡ್ತಿದ್ದೆ" ಎಂದರು. ಅಂದಿನಿಂದ ನಾನು ಕಂಪ್ಯೂಟರ್ ಮುಂದೆ ಕುಳಿತರೆ ಅವರು ಕೆಮ್ಮುವುದಕ್ಕೂ ಹೊರಗೆ ಹೋಗುತ್ತಾರೆ.

ಆ ತೀರ್ಮಾನವನ್ನು ರದ್ದು ಮಾಡಿ. ಪಾಠಗಳನ್ನು ಫೋಟೊಗಳಾಗಿ ಅಲ್ಲ, ಅಕ್ಷರಗಳಾಗಿ ಕೊಡಿ. ಮುಂದಿನ ಪರೀಕ್ಷೆಗೆ ಯಂತ್ರದ ಬದಲು ಒಬ್ಬ ಮನುಷ್ಯನನ್ನು ಕಾವಲಿಗೆ ಕೂರಿಸಿ. ಅದಕ್ಕೂ ಮೊದಲು, ನಿಮ್ಮಲ್ಲಿ ಯಾರಾದರೊಬ್ಬರು ನಮ್ಮ ಮನೆಗೆ ಬಂದು, ತಪ್ಪು ಅವರದಲ್ಲವೆಂದು ನನ್ನ ಅಮ್ಮನಿಗೆ ಹೇಳಿ. ನಾನು ಹೇಳಿದರೆ ಅವರು ನಂಬುತ್ತಿಲ್ಲ.

ಇಂತಿ,
ತೇರ್ಗಡೆಯಾಗಲೂ ಬಿಟ್ಟುಹೋಗಲೂ ಆಗದ ನಿಮ್ಮ ವಿದ್ಯಾರ್ಥಿನಿ,
ಸರ್ವಮಂಗಳಾ
ಮಂಡಿ ಮೊಹಲ್ಲಾ, ಮೈಸೂರು